ಕೂಸು ಮಲಗಿದಾಗ ನಡೆದ ಸೂಜಿ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯಲ್ಲಿ ನೆಲದ ಗುಣ ಬದಲಾಗುವುದು ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಇತ್ತ ಮೆಕ್ಕೆಜೋಳದ ಹೊಲಗಳು, ಕೆರೆಯ ಕೆಳಗಿನ ಗದ್ದೆಗಳು. ಅತ್ತ ಹೋದಂತೆ ಅಡಿಕೆ ತೋಟ, ಕಾನು, ಕೆಂಪು ಹೆಂಚಿನ ಮನೆಗಳು. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಈ ಅಂಚಿನಲ್ಲಿ ಇತಿಹಾಸಕ್ಕೆ ಬರಗಾಲವಿಲ್ಲ. ತಾಳಗುಂದದಲ್ಲಿ ಕದಂಬರ ಸ್ತಂಭ ಶಾಸನವಿದೆ. ಬಳ್ಳಿಗಾವೆಯಲ್ಲಿ ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳಿವೆ. ಅಕ್ಕಮಹಾದೇವಿಯ ಊರೆಂದು ಹೇಳುವ ಉಡುತಡಿ ಇಲ್ಲೇ ಇದೆ. ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ಕೊರೆದ ಪೆಟ್ಟಿಗೆಗಳು ಅರಮನೆಗಳನ್ನು ಸೇರಿವೆ.

ಕಲ್ಲು ಉಳಿಯಿತು, ಗಂಧದ ಮರವೂ ಉಳಿಯಿತು. ಉಳಿಯದೆ ಹೋದದ್ದು ಬಟ್ಟೆ. ಅದರಲ್ಲೂ ಕೂಸಿನ ಬಟ್ಟೆಗಿಂತ ಬೇಗ ಹಾಳಾಗುವ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಹಾಲು, ಎಣ್ಣೆ, ಬಿಸಿನೀರು, ಬಿಸಿಲು ಎಲ್ಲವೂ ಅದರ ಮೇಲೆಯೇ. ಒಂದು ಮಗು ಬೆಳೆದರೆ ಇನ್ನೊಂದು ಮಗುವಿಗೆ, ಅದೂ ಬೆಳೆದರೆ ಒಲೆಯ ಮಸಿಬಟ್ಟೆಗೆ. ಹೀಗಾಗಿ ತಾಯಂದಿರು ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ಸೂಜಿ ಹಿಡಿದು ಮಾಡಿದ ಕೆಲಸಕ್ಕೆ ಶಾಸನದ ಸಾಕ್ಷಿಯಿಲ್ಲ. ಆದರೂ ಅದರ ಚರಿತ್ರೆ ಪೂರ್ತಿ ಅಳಿದುಹೋಗಿಲ್ಲ. ಶಿಕಾರಿಪುರ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ಅಜ್ಜಿಯರ ಟ್ರಂಕುಗಳನ್ನು ತೆರೆದರೆ ಅದರ ಕೆಲವು ಪುಟಗಳು ಇನ್ನೂ ಸಿಗುತ್ತವೆ.

ಲಂಬಾಣಿಗಳು ತಮ್ಮನ್ನು ಗೋರ್ ಎಂದು ಕರೆದುಕೊಳ್ಳುತ್ತಾರೆ. ಅವರ ಮಾತು ಗೋರ್‌ಬೋಲಿ. ಅದಕ್ಕೆ ರಾಜಸ್ಥಾನಿ, ಗುಜರಾತಿ ಭಾಷೆಗಳ ನಂಟಿದೆ. ಸ್ವಂತ ಲಿಪಿ ಇಲ್ಲದ್ದರಿಂದ ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ, ತೆಲಂಗಾಣದಲ್ಲಿ ತೆಲುಗು ಲಿಪಿಯಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಸಮುದಾಯದ ಆರಾಧ್ಯಪುರುಷ ಸಂತ ಸೇವಾಲಾಲರು ಹುಟ್ಟಿದ್ದು 1739ರಲ್ಲಿ, ಸೂರಗೊಂಡನಕೊಪ್ಪದಲ್ಲಿ ಎಂಬುದು ಪರಂಪರೆಯ ನಂಬಿಕೆ. ಹಿಂದೆ ಹೊನ್ನಾಳಿ ತಾಲ್ಲೂಕಿನಲ್ಲಿದ್ದ ಆ ಊರು ಈಗ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿಗೆ ಸೇರಿದೆ, ಶಿಕಾರಿಪುರಕ್ಕೆ ನೆರೆಯದೇ. ಪ್ರತಿ ಫೆಬ್ರವರಿಯ ಜಯಂತಿಗೆ ಅಲ್ಲಿ ನಾಡಿನ ಮೂಲೆಮೂಲೆಯ ತಾಂಡಾಗಳ ಜನ ನೆರೆಯುತ್ತಾರೆ.

ಇವರ ಹಳೆಯ ಕಸುಬು ಎತ್ತಿನ ಹೇರು. ಈ ಸೀಮೆಯಲ್ಲಿ ಹೇರಿನ ವ್ಯಾಪಾರ ಲಂಬಾಣಿಗಳಿಗಿಂತ ಹಳೆಯದು. ಬಳ್ಳಿಗಾವೆ ಬನವಾಸಿ ಪನ್ನಿಚ್ಛಾಸಿರದ ರಾಜಧಾನಿಯಾಗಿದ್ದ ಕಾಲದಲ್ಲೇ ಇಲ್ಲಿನ ವರ್ತಕ ಸಂಘಗಳ ಮಾತು ಶಾಸನಗಳಲ್ಲಿ ಬರುತ್ತದೆ. ಆದರೆ ಸಾವಿರಾರು ಎತ್ತುಗಳನ್ನು ಒಟ್ಟಿಗೆ ನಡೆಸಿ, ಹೆಂಡತಿ ಮಕ್ಕಳ ಸಮೇತ ವರ್ಷವಿಡೀ ದಾರಿಯಲ್ಲೇ ಸಂಸಾರ ಮಾಡಿದವರು ಬಂಜಾರರು. 1632ರಲ್ಲಿ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಉತ್ತರ ಭಾರತದ ದಾರಿಯಲ್ಲಿ ಕಂಡ ಒಂದು ತಾಂಡಾದಲ್ಲಿ 14,000 ಎತ್ತುಗಳಿದ್ದವು ಎಂದು ಬರೆದಿದ್ದಾನೆ. ಅದೇ ಶತಮಾನದ ಫ್ರೆಂಚ್ ವರ್ತಕ ತಾವೆರ್ನಿಯೆ, ಇವರಲ್ಲಿ ಒಂದು ಪಂಗಡ ಗೋಧಿಯಂಥ ಕಾಳನ್ನು, ಒಂದು ಅಕ್ಕಿಯನ್ನು, ಒಂದು ಬೇಳೆಯನ್ನು, ಒಂದು ಉಪ್ಪನ್ನು ಮಾತ್ರ ಹೊರುತ್ತಿತ್ತು ಎನ್ನುತ್ತಾನೆ.

ಮೈಸೂರಿನ ಯುದ್ಧಗಳಲ್ಲೂ ಇವರ ಎತ್ತುಗಳ ಪಾಲಿದೆ. 1791ರಲ್ಲಿ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದ ಕಾರ್ನ್‌ವಾಲಿಸ್ ಎತ್ತುಗಳೂ ಧಾನ್ಯವೂ ಇಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಮರುವರ್ಷ ಮತ್ತೆ ಬಂದಾಗ ಬಂಜಾರರ ಧಾನ್ಯ ಅವನ ಸೈನ್ಯವನ್ನು ಸಾಕಿತು. ಟಿಪ್ಪು ಮಡಿದ ಮೇಲೆ ಕಂಪನಿಗೆ ತಲೆನೋವಾದ ಚನ್ನಗಿರಿಯ ದೊಂಡಿಯಾ ವಾಘನನ್ನು 1799ರ ಆಗಸ್ಟಿನಲ್ಲಿ ಕಂಪನಿ ಪಡೆ ಶಿಕಾರಿಪುರದ ಬಳಿಯೇ ಸೋಲಿಸಿತು. ಅವನು ತಪ್ಪಿಸಿಕೊಂಡ. ಮರುವರ್ಷ ಅವನ ಬೆನ್ನುಹತ್ತಿದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಶತ್ರುವಿನ ಚಿಂತೆಯ ಜೊತೆಗೇ 'ಬ್ರಿಂಜಾರಿ'ಗಳ ಚಿಂತೆಯೂ ಇದೆ. ಸೇನಾಪತಿಗಳ ಹೆಸರು ಪಠ್ಯಪುಸ್ತಕದಲ್ಲಿದೆ. ಅಕ್ಕಿ ಹೊತ್ತವರದು ಇಲ್ಲ.

ಈ ನಡೆಯುವ ಊರಿನಲ್ಲೂ ಮಕ್ಕಳು ಹುಟ್ಟುತ್ತಿದ್ದವು. ಬಾಣಂತಿಗೆ ದಾರಿಯಲ್ಲಿ ಹೆಚ್ಚು ದಿನದ ವಿಶ್ರಾಂತಿ ಸಿಗುವಂತಿರಲಿಲ್ಲ. ತಾಂಡಾ ತಂಗಿದಲ್ಲಿ ಮರದ ಕೊಂಬೆಗೋ ಗಳುವಿಗೋ ಬಟ್ಟೆ ಕಟ್ಟಿದರೆ ಅದೇ ಜೋಳಿಗೆ, ಅದೇ ತೊಟ್ಟಿಲು. ಕೂಸು ನಿದ್ದೆ ಹೋದಾಗ ಅಮ್ಮನ ಕೈಗೆ ಸೂಜಿ. ಎದ್ದು ಅತ್ತರೆ ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಎದ್ದುಬಿಡಬಹುದು. ಮತ್ತೆ ಬಂದಾಗ ಬಿಟ್ಟ ಹೊಲಿಗೆ ಬಿಟ್ಟಲ್ಲೇ ಇರುತ್ತದೆ. ಒಲೆಯ ಮೇಲಿನ ಸಾರು ಹಾಗೆ ಕಾಯುವುದಿಲ್ಲ.

ತೀರಾ ಸಾಮಾನ್ಯವಾಗಿ ಕಾಣುವ ಈ ಮಾತನ್ನೇ 1970ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಜುಡಿತ್ ಬ್ರೌನ್ ಒಂದು ಪುಟ್ಟ ಪ್ರಬಂಧದಲ್ಲಿ ಸಿದ್ಧಾಂತವಾಗಿ ಮುಂದಿಟ್ಟರು. ಯಾವ ಸಮಾಜದಲ್ಲಾದರೂ ದುಡಿಮೆಯ ದೊಡ್ಡ ಪಾಲು ಹೆಂಗಸರ ಕೈಯಲ್ಲಿರಬೇಕಾದರೆ ಆ ಕೆಲಸ ಮಗು ಸಾಕುವುದಕ್ಕೆ ಹೊಂದುವಂತಿರಬೇಕು: ನಡುವೆ ನಿಲ್ಲಿಸಿ ಮತ್ತೆ ಹಿಡಿಯುವಂತಿರಬೇಕು, ಏಕಾಗ್ರ ಗಮನ ಬೇಡದಂತಿರಬೇಕು, ಮನೆಯಿಂದ ದೂರವಿರಬಾರದು, ಮಗುವಿಗೆ ಅಪಾಯವಿರಬಾರದು ಎಂಬುದು ಅವರ ವಾದ. ಎಲಿಜಬೆತ್ ವೇಲ್ಯಾಂಡ್ ಬಾರ್ಬರ್ 1994ರ ತಮ್ಮ ಪುಸ್ತಕದಲ್ಲಿ ಇದೇ ಎಳೆಯನ್ನು ಹಿಡಿದು ಇಪ್ಪತ್ತು ಸಾವಿರ ವರ್ಷಗಳ ನೂಲು ನೇಯ್ಗೆಯ ಕಥೆ ಹೇಳಿದರು. ಈ ವಾದದಲ್ಲಿ ತಥ್ಯವಿದೆ, ಒಂದು ತೂತೂ ಇದೆ. 'ಗಮನ ಬೇಡದ ಕೆಲಸ' ಎನ್ನುವವರು ಲಂಬಾಣಿ ಹೆಂಗಸೊಬ್ಬಳು ನಖೆ ಇಲ್ಲದೆ, ಗೆರೆ ಎಳೆಯದೆ, ಎಳೆ ಎಣಿಸಿ ಚೌಕ ತುಂಬುವುದನ್ನು ನೋಡಿರಲಾರರು.

ಆಕೆ ಹೊಲಿಯುತ್ತಿದ್ದುದು ಏನನ್ನು? ಮೊದಲನೆಯದು ತನ್ನದೇ ಉಡುಪು. ನೂರಾರು ನೆರಿಗೆಯ, ಅಗಲ ಸೊಂಟಪಟ್ಟಿಯ ಲಂಗ ಫೇಟಿಯಾ. ಬೆನ್ನಿನಲ್ಲಿ ದಾರದಿಂದ ಬಿಗಿಯುವ ಕುಪ್ಪಸ ಕಾಂಚಳಿ. ತಲೆಯಿಂದ ಇಳಿಯುವ ಛಾಟಿಯಾ. ಕೆಂಪು, ನೀಲಿ, ಕಪ್ಪು, ಹಸಿರು ಹತ್ತಿ ಬಟ್ಟೆಯ ತುಂಡುಗಳನ್ನು ಜೋಡಿಸಿ, ಅದರ ಮೇಲೆ ಬಣ್ಣದ ದಾರ, ಕನ್ನಡಿ, ಕವಡೆ, ಹಳೆಯ ನಾಣ್ಯ, ಸೀಸದ ಗುಂಡು. ಹೊಲಿಗೆಗಳಿಗೆ ಒಂದೊಂದಕ್ಕೂ ಹೆಸರಿದೆ: ಕೀಲನ್, ವೇಲೆ, ಬಕ್ಕ್ಯಾ, ಮಾಕಿ, ರೇಲೋ, ಪೋಟೆ, ಜೋಲ್ಯಾ, ನಕ್ರಾ. ಕನ್ನಡಿಯ ಹೊಳಪು ಕಾಡಿನ ಮೃಗಗಳನ್ನು ಹೆದರಿಸಲಿಕ್ಕೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಇರಬಹುದು, ಚೆಂದ ಕಾಣುವುದಕ್ಕೆ ಎಂದರೆ ಯಾಕೆ ಸಾಲದೋ ತಿಳಿಯದು.

ಎರಡನೆಯದು ಮನೆಯ ಸಾಮಾನು. ಕೊಡದ ಕೆಳಗೆ ತಲೆಗಿಟ್ಟುಕೊಳ್ಳುವ ಕವಡೆಯ ಸಿಂಬಿ ಗಳಾ, ಅಡಿಕೆ ಎಲೆಯ ಚೀಲ, ಮದುವೆಯಲ್ಲಿ ಕೈಬದಲಾಗುವ ಕೋತಳಿ, ಎತ್ತಿನ ಬೆನ್ನಿಗೆ ಹಾಕುವ ಝೂಲು. ಮದುಮಗಳು ತವರು ಬಿಡುವಾಗ ಅಳುತ್ತಾ ಹಾಡುವ ಢಾವಲೋ ಹಾಡಿಗೆ ಹೇಗೆ ಒಂದು ಕ್ರಮವಿದೆಯೋ ಹಾಗೆ ಅವಳ ಜೊತೆ ಹೋಗುವ ಹೊಲಿಗೆಗೂ ಒಂದು ಕ್ರಮವಿತ್ತು. ಮದುವೆಗೆ ಬರುವ ಹೊತ್ತಿಗೆ ಹುಡುಗಿ ಇದನ್ನೆಲ್ಲ ಕಲಿತಿರಬೇಕಿತ್ತು.

ಮೂರನೆಯದು ಕೌದಿ, ಇದು ಲಂಬಾಣಿಗಳ ಸ್ವತ್ತು ಮಾತ್ರವಲ್ಲ. ಶಿಕಾರಿಪುರ, ಸೊರಬ, ಆನವಟ್ಟಿಯಿಂದ ಹಾನಗಲ್ಲು, ಹಾವೇರಿಯವರೆಗೆ ಎಲ್ಲ ಜಾತಿಯ ಮನೆಗಳಲ್ಲೂ ಹಳೆಯ ಸೀರೆ, ಧೋತರ ಪದರವಾಗಿ ಸೇರಿ ಕೌದಿಯಾಗುತ್ತದೆ. ಕೂಸಿನ ಕೌದಿಗೆ ಅಜ್ಜಿಯ ಸೀರೆಯೇ ಆಗಬೇಕು ಎನ್ನುವುದು ಬರೀ ಮಮತೆಯಲ್ಲ: ನೂರಾರು ಸಲ ಒಗೆದ ಹತ್ತಿಯಷ್ಟು ಮೆತ್ತಗಿನ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಕೂಸಿನ ತಲೆ, ಬೆನ್ನು ಮುಚ್ಚುವ ಕುಂಚಿಗೆ, ಕಟ್ಟಿನ ಟೊಪ್ಪಿಗೆಯಾದ ಕುಲಾವಿ ಇದೇ ಸಂಸಾರದವು. ಸೊರಬದ ಪಕ್ಕದ ಉತ್ತರ ಕನ್ನಡದಲ್ಲಿ, ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ನಾಲ್ಕು ಮೂಲೆಯಲ್ಲೂ ತ್ರಿಕೋನದ ತುಂಡುಗಳನ್ನು ಮಡಿಸಿ ಕೂರಿಸುತ್ತಾರೆ. ಅದಕ್ಕೆ 'ಫೂಲ' ಎಂದು ಹೆಸರು. ಅದಿಲ್ಲದ ಕೌದಿ ಅವರ ಕಣ್ಣಿಗೆ ಅರೆಬೆತ್ತಲೆ. ಸಿದ್ದಿಯರ ಮಕ್ಕಳ ಕೌದಿಗಳು ಇತ್ತೀಚಿನ ದಶಕಗಳಲ್ಲಿ ಅಮೆರಿಕದ ವಸ್ತುಪ್ರದರ್ಶನಗಳನ್ನೂ ಕಂಡಿವೆ.

ಇಂಥದೇ ಬದುಕಿನ ಇನ್ನೊಂದು ಜನ ಇಲ್ಲಿಂದ ಸಾವಿರಾರು ಮೈಲಿ ದೂರದಲ್ಲಿದ್ದಾರೆ. ದಕ್ಷಿಣ ಚೀನಾ, ವಿಯೆಟ್ನಾಂ, ಲಾವೋಸ್, ಥಾಯ್ಲೆಂಡುಗಳ ಬೆಟ್ಟಗಳಲ್ಲಿ ವಾಸಿಸುವ ಹ್ಮಾಂಗ್ ಜನ. ಲಂಬಾಣಿಗಳಿಗೂ ಅವರಿಗೂ ರಕ್ತದ, ಭಾಷೆಯ ಯಾವ ಸಂಬಂಧವೂ ಇಲ್ಲ. ಆದರೂ ಅವರ ಹೆಂಗಸರ ಉಡುಪನ್ನು ನೋಡಿದ ಕನ್ನಡಿಗ ಒಂದು ಕ್ಷಣ ತಾಂಡಾವನ್ನು ನೆನೆಯದಿರಲಾರ. ಅದೇ ನೆರಿಗೆಯ ಲಂಗ, ಅದೇ ನಾಣ್ಯಗಳ ಝಣತ್ಕಾರ, ಅದೇ ಬಣ್ಣದ ಚೌಕಗಳು. ತಮ್ಮ ಕಸೂತಿಯನ್ನು ಅವರು 'ಪಂಡಾವ್' ಎನ್ನುತ್ತಾರೆ. ಹೂಬಟ್ಟೆ ಎಂದು ಅರ್ಥ. ಅದರಲ್ಲಿ ಅತ್ಯಂತ ಜತನದ್ದು ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಚೌಕಾಕಾರದ ಪಟ್ಟಿ. ಇದನ್ನು ಸಾಮಾನ್ಯವಾಗಿ ಮಗುವಿನ ತಾಯಿಯ ತಾಯಿ ಹೊಲಿದುಕೊಡುತ್ತಾಳೆ. ಅದರ ಚಿತ್ತಾರ ಮಗುವಿನ ಜೀವವನ್ನು ಕಾಯುತ್ತದೆ, ಹೂವಿನಂತೆ ಅಲಂಕರಿಸಿದ ಟೊಪ್ಪಿಗೆ ತೊಟ್ಟ ಕೂಸನ್ನು ದುಷ್ಟಶಕ್ತಿಗಳು ಹೂವೆಂದೇ ಭ್ರಮಿಸಿ ಮುಂದೆ ಹೋಗುತ್ತವೆ ಎಂಬುದು ಅವರ ನಂಬಿಕೆ. ದೃಷ್ಟಿಬೊಟ್ಟು ಇಡುವ ನಮಗೆ ಇದು ಹೊಸದೇನಲ್ಲ. ಲಿಪಿಯಿಲ್ಲದ ಅವರಲ್ಲಿ ಇನ್ನೊಂದು ಐತಿಹ್ಯವಿದೆ: ಹಿಂದೊಮ್ಮೆ ತಮಗೂ ಅಕ್ಷರಗಳಿದ್ದವು, ಅವನ್ನು ನಿಷೇಧಿಸಿದಾಗ ಹೆಂಗಸರು ಲಂಗದ ಕಸೂತಿಯಲ್ಲಿ ಬಚ್ಚಿಟ್ಟರು ಎಂದು.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಲಾವೋಸಿನ ಹ್ಮಾಂಗರಲ್ಲಿ ಅನೇಕರು ಅಮೆರಿಕದ ಗುಪ್ತಚರ ಸಂಸ್ಥೆಯ ಪರವಾಗಿ ಹೋರಾಡಿದರು. 1975ರಲ್ಲಿ ಕಮ್ಯುನಿಸ್ಟರು ಗೆದ್ದಾಗ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿಗೆ ಓಡಬೇಕಾಯಿತು. ಬಾನ್ ವಿನಾಯ್ ಎಂಬ ದೊಡ್ಡ ನಿರಾಶ್ರಿತರ ಶಿಬಿರದಲ್ಲಿ ಹೊಲವಿಲ್ಲ, ಕೆಲಸವಿಲ್ಲ. ತೊಡೆಯ ಮೇಲೆ ಮಗು, ಕೈಯಲ್ಲಿ ಸೂಜಿ. ಅಲ್ಲಿ ಹುಟ್ಟಿದ್ದು 'ಕಥೆಬಟ್ಟೆ'. ಜ್ಯಾಮಿತಿಯ ಚೌಕಗಳ ಬದಲು ಊರು, ಹಂದಿ, ಜೋಳದ ಹೊಲ, ವಿಮಾನ, ಬಾಂಬು, ಈಜುತ್ತಿರುವ ಜನ. ಪರಿಹಾರ ಸಂಸ್ಥೆಗಳ ಮೂಲಕ ಅವು ಪಶ್ಚಿಮದ ಮಾರುಕಟ್ಟೆಗೆ ಹೋದವು. ಕೊಳ್ಳುವವರ ಮನೆಯ ಬಣ್ಣಕ್ಕೆ ಹೊಂದಲೆಂದು ಕೆಂಪು, ಗುಲಾಬಿ ಹೋಗಿ ತಿಳಿನೀಲಿ, ಬೂದು, ಕಂದು ಬಂದವು. ಇಂದು ಮಿನ್ನೆಸೋಟಾದ ಸೇಂಟ್ ಪಾಲ್, ಕ್ಯಾಲಿಫೋರ್ನಿಯಾದ ಫ್ರೆಸ್ನೊಗಳಲ್ಲಿ ನೆಲೆಸಿದ ಹ್ಮಾಂಗ್ ಮನೆಗಳಲ್ಲಿ ಹೊಸ ವರ್ಷದ ಹಬ್ಬಕ್ಕೆ ತೊಡುವ ಬಟ್ಟೆಯಲ್ಲಿ ಎಷ್ಟೋ ಪಾಲು ಚೀನಾದ ಕಾರ್ಖಾನೆಯಲ್ಲಿ ಅಚ್ಚಾದದ್ದು.

ಲಂಬಾಣಿಗಳ ಕಥೆ ಬಾಂಬಿನಿಂದಲ್ಲ, ರೈಲಿನಿಂದ ತಿರುಗಿತು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಷ್ಟರಲ್ಲಾಗಲೇ ದಖನ್ನಿನ ದೊಡ್ಡ ದಾರಿಗಳಲ್ಲಿ ಎತ್ತಿನ ಹೇರಿಗೆ ಕೆಲಸವಿರಲಿಲ್ಲ. ಉಪ್ಪನ್ನೂ ಧಾನ್ಯವನ್ನೂ ರೈಲು, ಬಂಡಿಗಳು ಒಯ್ದವು. ಎತ್ತು ಮಾರಿ ಕೂಲಿಗೆ, ಕಟ್ಟಿಗೆಗೆ, ಒಕ್ಕಲುತನಕ್ಕೆ ಇಳಿದ ತಾಂಡಾಗಳು ಕಾಡಿನ ಅಂಚಿನಲ್ಲಿ ನಿಂತವು. 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾನೂನು ಮುಂದೆ ಮದರಾಸು ಪ್ರಾಂತಕ್ಕೂ ವಿಸ್ತರಿಸಿ, ಕೆಲವೆಡೆ ಲಂಬಾಣಿಗಳನ್ನೂ ಆ ಪಟ್ಟಿಗೆ ಸೇರಿಸಿತು. ಕಾನೂನು ರದ್ದಾದದ್ದು 1952ರಲ್ಲಿ. ಅನುಮಾನ ಅಷ್ಟು ಬೇಗ ರದ್ದಾಗಲಿಲ್ಲ. ದೂರದಿಂದಲೇ 'ಇವರು ಇಂಥವರು' ಎಂದು ಸಾರುವ ಉಡುಪು ಹಿಂದೆ ಹೆಮ್ಮೆಯಾಗಿತ್ತು. ಸಂತೆಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ ಅದೇ ಭಾರವಾಯಿತು. ಅಜ್ಜಿ ಫೇಟಿಯಾ ಉಟ್ಟಳು, ಮಗಳು ಸೀರೆ ಉಟ್ಟಳು, ಮೊಮ್ಮಗಳು ಚೂಡಿದಾರ ತೊಟ್ಟಳು. ಇದನ್ನು ಸಂಸ್ಕೃತಿಯ ನಾಶ ಎಂದು ಹೊರಗಿನವರು ಮರುಗುವುದು ಸುಲಭ. ಬೇಸಿಗೆಯಲ್ಲಿ ಆ ತೂಕದ ಲಂಗ ಉಟ್ಟು ಕಬ್ಬು ಕಡಿಯುವವರಿಗೆ ಸೀರೆಯೇ ಸುಖ.

ಉಡುಪು ಮೈಯಿಂದ ಇಳಿದ ಮೇಲೆ ಹೊಲಿಗೆ ಮಾರಾಟಕ್ಕೆ ಹೋಯಿತು. ಗೋವಾದ ಅಂಜುನಾ ಸಂತೆಯಲ್ಲಿ, ಹಂಪಿಯ ಬೀದಿಯಲ್ಲಿ ವಿದೇಶಿಯರಿಗೆ ಹಳೆಯ ಕಾಂಚಳಿ, ಚೀಲ, ಸೊಂಟಪಟ್ಟಿಗಳನ್ನು ಮಾರಿದ ಲಂಬಾಣಿ ಹೆಂಗಸರು ಎಲ್ಲರಿಗೂ ಪರಿಚಿತರು. ಅಜ್ಜಿ ವರ್ಷಗಟ್ಟಲೆ ಹೊಲಿದದ್ದು ಅರ್ಧ ಗಂಟೆಯ ಚೌಕಾಸಿಗೆ ಹೋಯಿತು. ಸಂಡೂರಿನಲ್ಲಿ ಬೇರೆ ದಾರಿ ಹಿಡಿದರು. 1980ರ ದಶಕದಲ್ಲಿ ಎಂ.ವೈ. ಘೋರ್ಪಡೆ ಅವರ ಆಸಕ್ತಿಯಿಂದ ಬೆಳೆದ ಸಂಡೂರು ಕುಶಲ ಕಲಾ ಕೇಂದ್ರ ತಾಂಡಾದ ಹೆಂಗಸರಿಗೆ ಬಟ್ಟೆ, ದಾರ ಕೊಟ್ಟು, ಹಳೆಯ ಹೊಲಿಗೆಯಲ್ಲೇ ಹೊಸ ಕುರ್ತಾ, ದಿಂಬು, ಚೀಲಗಳನ್ನು ಮಾಡಿಸಿತು. 2010ರಲ್ಲಿ 'ಸಂಡೂರು ಲಂಬಾಣಿ ಕಸೂತಿ'ಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಇದೇ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಆದರೆ ಮುದ್ರೆ ಸಂಡೂರಿನ ಹೆಸರಿನದು. ಅದೇ ಕೀಲನ್, ಅದೇ ಮಾಕಿಯನ್ನು ಶಿಕಾರಿಪುರದ ತಾಂಡಾದಲ್ಲಿ ಹೊಲಿದರೆ ಆ ಮುದ್ರೆ ಅದಕ್ಕೆ ಅಂಟುವುದಿಲ್ಲ. ಊರೂರು ಅಲೆದವರ ಕಲೆಗೆ ಒಂದು ಊರಿನ ಗುರುತು ಕಟ್ಟುವ ಕಾನೂನಿನ ವಿಪರ್ಯಾಸವಿದು.

ಮನೆಯಲ್ಲೇ ಕೂತು ಹೊಲಿಯುವ ತಾಯಿಗೆ ಸಿಗುವುದೇನು ಎಂಬುದು ಬೇರೆಯೇ ಪ್ರಶ್ನೆ. ಮಗುವಿನ ಜೊತೆಗೇ ಮಾಡಬಹುದಾದ ಕೆಲಸ ಎಂಬುದೇ ಈ ಕೆಲಸದ ಗುಣ, ಮತ್ತು ಅದೇ ಅದರ ಕೂಲಿ ಇಳಿಯಲು ಕಾರಣ. 'ಬಿಡುವಿನಲ್ಲಿ ಮಾಡಿದ್ದು ತಾನೆ' ಎಂಬ ಮಾತು ದಲ್ಲಾಳಿಯ ಬಾಯಲ್ಲಿ ಸಿದ್ಧವಾಗಿರುತ್ತದೆ. ಒಂದು ಚೀಲಕ್ಕೆ ಇಷ್ಟು ಎಂದು ಗೊತ್ತಾದ ಮೇಲೆ ಕೂಸು ಎದ್ದು ಅತ್ತ ಗಂಟೆಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ; ದೀಪದ ಖರ್ಚು, ಸೂಜಿಯ ಖರ್ಚು, ಕಣ್ಣಿನ ಖರ್ಚು ಅವಳದೇ. 1948ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಕೊಠಡಿ ಇರಬೇಕೆಂದಿತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಎರಡೂ ಕಾರ್ಖಾನೆ, ಕಚೇರಿಗಳ ಬಾಗಿಲಲ್ಲೇ ನಿಂತವು. ಅಹಮದಾಬಾದಿನಲ್ಲಿ 1972ರಲ್ಲಿ ಇಳಾ ಭಟ್ ಕಟ್ಟಿದ 'ಸೇವಾ' ಸಂಘ, ಮನೆಯಲ್ಲಿ ಹೊಲಿಯುವವಳೂ ಕಾರ್ಮಿಕಳೇ ಎಂದು ದಶಕಗಳ ಕಾಲ ವಾದಿಸಿತು. ಅದರ ಫಲವಾಗಿಯೂ ಬಂದದ್ದು 1996ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮನೆಗೆಲಸಗಾರಿಕೆಯ ಒಡಂಬಡಿಕೆ. ಭಾರತ ಅದಕ್ಕೆ ಸಹಿ ಹಾಕಿಲ್ಲ.

ಹೊಲಿಗೆ ಯಂತ್ರ ಬಂದದ್ದರಿಂದಲೂ ಈ ಲೆಕ್ಕ ಬದಲಾಯಿತು. ಸರ್ಕಾರದ ಯೋಜನೆಗಳಲ್ಲಿ ಹೆಂಗಸರಿಗೆ ಹಂಚುವ ವಸ್ತುಗಳಲ್ಲಿ ಕಾಲ್ತುಳಿತದ ಯಂತ್ರಕ್ಕೆ ಬಹುಕಾಲದಿಂದ ಮೊದಲ ಸ್ಥಾನ. ಕುಪ್ಪಸ, ಲಂಗ, ಶಾಲೆಯ ಸಮವಸ್ತ್ರ ಹೊಲಿದು ಎಷ್ಟೋ ಸಂಸಾರಗಳು ನಿಂತಿವೆ, ನಿಜ. ಆದರೆ ಯಂತ್ರ ಸೂಜಿಯಷ್ಟು ಸಾಧುವಲ್ಲ. ಅಂಬೆಗಾಲಿಡುವ ಕೂಸಿನ ಬೆರಳು ಚಕ್ರದ ಪಟ್ಟಿಗೆ ಸಿಕ್ಕೀತು ಎಂಬ ಭಯದಲ್ಲಿ ಅಮ್ಮ ಒಂದು ಕಣ್ಣು ಬಟ್ಟೆಯ ಮೇಲೆ, ಒಂದು ಕಣ್ಣು ನೆಲದ ಮೇಲೆ ಇಡಬೇಕು. ಬ್ರೌನ್ ಹೇಳಿದ ಷರತ್ತುಗಳಲ್ಲಿ ಎರಡನ್ನು ಯಂತ್ರ ಒಂದೇ ಸಲಕ್ಕೆ ಮುರಿಯಿತು. ಅದಕ್ಕೇ ಕೈಹೊಲಿಗೆಯನ್ನು ಮಗು ಎದುರಿಗಿದ್ದಾಗಲೂ, ಯಂತ್ರವನ್ನು ಅದು ಮಲಗಿದ ಮೇಲೂ ಹಿಡಿಯುವುದು. ಆದರೆ ಯಂತ್ರದ ಸದ್ದಿಗೆ ಕೂಸು ಏಳುತ್ತದೆ.

ಈಗ ಕಂಪ್ಯೂಟರ್ ಕಸೂತಿಯ ಸಿದ್ಧ ಬಂಜಾರ ಉಡುಪು ಬಂದಿದೆ. ಗಾಜಿನ ಕನ್ನಡಿಯ ಬದಲು ಹೊಳೆಯುವ ಪ್ಲಾಸ್ಟಿಕ್ ಬಿಲ್ಲೆ. ಹಗುರ, ಒಡೆಯುವುದಿಲ್ಲ, ಒಗೆಯಬಹುದು. ಮದುವೆಗೆ, ಸೇವಾಲಾಲ್ ಜಯಂತಿಯ ಮೆರವಣಿಗೆಗೆ, ಶಾಲೆಯ ನೃತ್ಯಕ್ಕೆ ಹುಡುಗಿಯರು ಅದನ್ನು ಸಂತೋಷದಿಂದ ತೊಡುತ್ತಾರೆ. ಅವರ ತಾಯಂದಿರು ನಾಚಿ ಬಿಟ್ಟ ಉಡುಪು ಹೀಗೆ ವರ್ಷಕ್ಕೆ ಎರಡು ಮೂರು ದಿನದ ಮಟ್ಟಿಗೆ ಹಿಂದಿರುಗಿದೆ.

ಹೋಳಿಯ ಹೊತ್ತಿಗೆ ತಾಂಡಾಗಳಲ್ಲಿ ಢೂಂಡ್ ನಡೆಯುತ್ತದೆ. ಆ ವರ್ಷ ಹುಟ್ಟಿದ ಗಂಡುಮಗುವನ್ನು ಅಂಗಳಕ್ಕೆ ತಂದು, ಹಿರಿಯರು ಕೋಲು ಬಡಿದು ಹಾಡಿ, ಅದನ್ನು ಕುಲಕ್ಕೆ ಸೇರಿಸಿಕೊಳ್ಳುವ ವಿಧಿ. ಕೂಸಿನ ಮೈಮೇಲೆ ಸಾಮಾನ್ಯವಾಗಿ ಪೇಟೆಯ ಅಂಗಿ ಚಡ್ಡಿಯೇ ಇರುತ್ತದೆ. ಅದು ಕೂರುವ ತೊಡೆ ಅಜ್ಜಿಯದಾದರೆ, ಫೇಟಿಯಾದ ಕನ್ನಡಿಗಳಲ್ಲಿ ಒಂದನ್ನು ಹಿಡಿದು ಕೀಳಲು ನೋಡುತ್ತದೆ. ಅದು ಸುಲಭಕ್ಕೆ ಕೀಳುವುದಿಲ್ಲ. ಸುತ್ತಲೂ ಎರಡು ಸಾಲು ಹೊಲಿಗೆ ಬಿದ್ದಿರುತ್ತದೆ.